144 ಸ್ವಿಚ್‌ಗಳ ಡೆಡ್‌ಸ್ಟಾರ್ಟ್ ಹಲಗೆ: ಸಿಡಿಸಿ 6600ರ ಹತ್ತು ಪುಟ್ಟ ಕಂಪ್ಯೂಟರುಗಳನ್ನು ಮನೆಯಲ್ಲಿ ಕಟ್ಟಿದ ಬಗೆ

ಹನ್ನೆರಡು ಸಾಲು, ಸಾಲಿಗೆ ಹನ್ನೆರಡು ಸ್ವಿಚ್, ಒಟ್ಟು 144. ಕಂಟ್ರೋಲ್ ಡೇಟಾ ಕಾರ್ಪೊರೇಷನ್ 1964ರಲ್ಲಿ ಹೊರತಂದ ಸಿಡಿಸಿ 6600 ಯಂತ್ರವನ್ನು ಎಬ್ಬಿಸಬೇಕಾದರೆ ಇಂಥದೊಂದು ಹಲಗೆಯಿಂದಲೇ ಆರಂಭಿಸಬೇಕಿತ್ತು. ಅದರ ಹೆಸರು ಡೆಡ್‌ಸ್ಟಾರ್ಟ್ ಪ್ಯಾನೆಲ್. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ವೇಗದ್ದೆನಿಸಿದ್ದ ಆ ಯಂತ್ರಕ್ಕೆ, ತನಗೆ ಯಾವ ಟೇಪು ಜೋಡಿಸಲಾಗಿದೆ, ಯಾವ ಡಿಸ್ಕಿನಿಂದ ಓದಲು ತೊಡಗಬೇಕು ಎಂಬ ಅರಿವು ತಾನಾಗಿ ಇರುತ್ತಿರಲಿಲ್ಲ. ಹನ್ನೆರಡು ಬಿಟ್‌ನ (0 ಅಥವಾ 1 ಎಂಬ ಒಂದು ಅಂಕಿಯೇ ಬಿಟ್; ಅವುಗಳ ಒಂದು ಗುಂಪು ವರ್ಡ್) ಹನ್ನೆರಡು ವರ್ಡ್‌ಗಳಷ್ಟು ಪಾಠವನ್ನು ಮನುಷ್ಯನೇ ಬೆರಳಿನಿಂದ ಹೇಳಿಕೊಡಬೇಕಿತ್ತು. ಕಳೆದ ಮಳೆಗಾಲದ ಎಂಟು ವಾರಾಂತ್ಯಗಳಲ್ಲಿ ನಾನು ಆ ಹಲಗೆಯ ಒಂದು ಪ್ರತಿಯನ್ನೂ ಅದರ ಹಿಂದೆ ಓಡುವ ಹತ್ತು ಪುಟ್ಟ ಕಂಪ್ಯೂಟರುಗಳನ್ನೂ ಕಟ್ಟಿದೆ. ಎಲ್ಲೆಲ್ಲಿ ಎಡವಿದೆ ಎಂಬುದೇ ಈ ಬರಹದ ಹೆಚ್ಚಿನ ಭಾಗ.

ಇದರ ಹುಚ್ಚು ಹತ್ತಿದ್ದು ನನ್ನ ಸೋದರಮಾವನಿಂದ. ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1964ರಲ್ಲಿ ಇದೇ ಕಂಪನಿಯ ಸಿಡಿಸಿ 3600 ಸ್ಥಾಪನೆಯಾಯಿತು; ಅದರ ಮಗ್ಗುಲಲ್ಲಿ 160-ಎ ಎಂಬ ಚಿಕ್ಕ ಯಂತ್ರವೂ ಇತ್ತು. ಆ ದಶಕದ ಕೊನೆಯಲ್ಲಿ ಭೌತಶಾಸ್ತ್ರದ ಸಂಶೋಧನೆಯಲ್ಲಿದ್ದ ಮಾವ ತಮ್ಮ ಫೋರ್ಟ್ರಾನ್ ಕಾರ್ಡುಗಳನ್ನು ಅಲ್ಲಿಗೆ ಒಪ್ಪಿಸಿ ಬರುತ್ತಿದ್ದರಂತೆ. ಅವರ ಕಪಾಟಿನಿಂದ ಈಚೆಗೆ ನನ್ನ ಕೈಗೆ ಬಂದ ಒಂದು ಕಟ್ಟು ಕಾರ್ಡಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ಕರಗಿ ಮೇಣದಂತೆ ಅಂಟಿಕೊಂಡಿತ್ತು. "ದೊಡ್ಡ ಯಂತ್ರದ ಬಗ್ಗೆ ಎಲ್ಲರೂ ಮಾತಾಡ್ತಿದ್ರು ಕಣೋ, ಕಾರ್ಡು ಓದೋದು, ಟೇಪು ತಿರುಗಿಸೋದು ಅಂತ ಚಾಕರಿ ಮಾಡ್ತಿದ್ದದ್ದು ಪಕ್ಕದ ಆ ಚಿಕ್ಕದು," ಎಂದು ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿತು. 6600ರ ಒಳಗೆ ಕೂಡಿಸಿದ ಹತ್ತು ಸಹಾಯಕ ಕಂಪ್ಯೂಟರುಗಳು ಇದೇ 160ರ ವಂಶದವು ಎಂದು ಗೊತ್ತಾದ ಮೇಲೆ ಕೈ ಕಟ್ಟಿ ಕೂರಲಾಗಲಿಲ್ಲ.

ಕಂಪನಿ ಹುಟ್ಟಿದ್ದು 1957ರಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಸ್ಪೆರ್‍ರಿ ರ್‍ಯಾಂಡ್ ಬಿಟ್ಟುಬಂದ ವಿಲಿಯಂ ನಾರಿಸ್ ಅದರ ಮುಖ್ಯಸ್ಥರಾಗಿದ್ದರು. ಸ್ವಲ್ಪದರಲ್ಲೇ ಸೀಮೋರ್ ಕ್ರೇ ಸೇರಿಕೊಂಡರು. ಕ್ರೇ ವಿನ್ಯಾಸಗೊಳಿಸಿದ 160 ಯಂತ್ರವು ಒಂದು ಮೇಜಿನಷ್ಟೇ ದೊಡ್ಡದಾಗಿದ್ದು, 12 ಬಿಟ್‌ನ ವರ್ಡ್‌ಗಳಲ್ಲಿ ಕೆಲಸ ಮಾಡುತ್ತಿತ್ತು. ಮುಂದೆ ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್‌ನಲ್ಲಿ ಕ್ರೇ, ಜೇಮ್ಸ್ ಥಾರ್ನ್‌ಟನ್ ಮತ್ತು ಕೆಲವೇ ಮಂದಿಯ ತಂಡ 6600 ಅನ್ನು ಕಟ್ಟಿತು. ಸುಮಾರು 4 ಲಕ್ಷ ಟ್ರಾನ್ಸಿಸ್ಟರುಗಳು, ಅವನ್ನು ತಣ್ಣಗಿಡಲು ಫ್ರಿಯಾನ್ ಹರಿಯುವ ಕೊಳವೆಗಳು, 60 ಬಿಟ್‌ನ ಕೇಂದ್ರ ಪ್ರೊಸೆಸರ್, ಅದರೊಳಗೆ ಒಟ್ಟೊಟ್ಟಿಗೆ ದುಡಿಯಬಲ್ಲ ಹತ್ತು ಗಣನಾ ಘಟಕಗಳು ಇವೆಲ್ಲ ಪ್ರಸಿದ್ಧ. ನನಗೆ ಹೆಚ್ಚು ಸೋಜಿಗವೆನಿಸಿದ್ದು ಆ ಕೇಂದ್ರ ಪ್ರೊಸೆಸರ್‌ಗೆ ಹೊರಜಗತ್ತಿನೊಡನೆ ಮಾತಾಡುವ ಒಂದೇ ಒಂದು ಆಜ್ಞೆಯೂ ಇಲ್ಲದಿರುವುದು. ಕಾರ್ಡು ಓದುವುದು, ಟೇಪು ಸುತ್ತಿಸುವುದು, ಆಪರೇಟರ್‌ಗೆ ಪರದೆ ತೋರಿಸುವುದು, ಕೊನೆಗೆ ಕೇಂದ್ರ ಪ್ರೊಸೆಸರ್ ಯಾವ ಪ್ರೋಗ್ರಾಮ್ ಓಡಿಸಬೇಕೆಂದು ತೀರ್ಮಾನಿಸುವುದು ಕೂಡ ಪೆರಿಫೆರಲ್ ಪ್ರೊಸೆಸರ್ ಎಂಬ ಹತ್ತು ಸಹಾಯಕರ ಪಾಲಿನ ಕೆಲಸ. ಮುಂದೆ ಅವನ್ನು ಪಿಪಿ ಎಂದೇ ಕರೆಯುತ್ತೇನೆ. ಪ್ರತಿ ಪಿಪಿಗೆ 12 ಬಿಟ್‌ನ 4096 ವರ್ಡ್‌ಗಳ ಸ್ವಂತ ಮೆಮೊರಿ ಇರುತ್ತದೆ; ಅದರ ಐದು ವರ್ಡ್ ಸೇರಿದರೆ ಕೇಂದ್ರ ಮೆಮೊರಿಯ ಒಂದು ವರ್ಡ್.

ಪಿಪಿಗಳು ಹತ್ತು ಎಂದು ಹೇಳಿದೆನಾದರೂ ಅವಕ್ಕೆಲ್ಲ ಲೆಕ್ಕ ಮಾಡುವ ಸರ್ಕ್ಯೂಟ್ ಇರುವುದು ಒಂದೇ. ಇಲ್ಲಿದೆ ಈ ವಿನ್ಯಾಸದ ಚಮತ್ಕಾರ. ಆ ಕಾಲದ ಕೋರ್ ಮೆಮೊರಿಯಿಂದ ಒಂದು ವರ್ಡ್ ಓದಿ ಮತ್ತೆ ಬರೆಯಲು 1000 ನ್ಯಾನೋಸೆಕೆಂಡ್ ಹಿಡಿಯುತ್ತಿತ್ತು. ಲೆಕ್ಕದ ಸರ್ಕ್ಯೂಟ್‌ಗೆ ಸಾಕಾಗುತ್ತಿದ್ದುದು 100. ಹಾಗಾಗಿ ಒಂದು ಪಿಪಿ ತನ್ನ ಮೆಮೊರಿಗಾಗಿ ಕಾಯುವ ಹೊತ್ತಿನಲ್ಲಿ ಉಳಿದ ಒಂಬತ್ತರ ಕೆಲಸವನ್ನು ಅದೇ ಸರ್ಕ್ಯೂಟ್ ಮುಗಿಸಿಬಿಡಬಹುದು. ಪ್ರತಿ ಪಿಪಿಯ ಸ್ಥಿತಿಯೂ ನಾಲ್ಕು ರಿಜಿಸ್ಟರ್‌ಗಳಲ್ಲಿ, ಅಂದರೆ ಸಂಖ್ಯೆ ಹಿಡಿದಿಡುವ ಪುಟ್ಟ ಗೂಡುಗಳಲ್ಲಿ, ಇರುತ್ತದೆ: 18 ಬಿಟ್‌ನ ಎ, 12 ಬಿಟ್‌ನ ಪಿ ಮತ್ತು ಕ್ಯೂ, 9 ಬಿಟ್‌ನ ಕೆ, ಒಟ್ಟು 51 ಬಿಟ್. ಈ ಹತ್ತು ಗಂಟುಗಳು ಸಾಲಾಗಿ ಸುತ್ತುತ್ತ, ಒಂದೊಂದಾಗಿ ಲೆಕ್ಕದ ಕಿಂಡಿಯ ಮುಂದೆ ಬಂದು ಹೋಗುತ್ತವೆ. ಸಿಡಿಸಿಯವರು ಇದನ್ನು ಬ್ಯಾರೆಲ್, ಅಂದರೆ ಪೀಪಾಯಿ ಎಂದರು. ನನಗಂತೂ ಜಾತ್ರೆಯ ತಿರುಗುತೊಟ್ಟಿಲೇ ನೆನಪಾಗುತ್ತದೆ: ಹತ್ತು ತೊಟ್ಟಿಲು, ಕೆಳಗೆ ನಿಂತ ಆಳು ಒಬ್ಬನೇ, ತನ್ನ ಮುಂದೆ ಬಂದ ತೊಟ್ಟಿಲನ್ನು ಮಾತ್ರ ಅವನು ಮುಟ್ಟುತ್ತಾನೆ.

ಇಂಥ ಸಹಾಯಕರು ಇದ್ದುದರಿಂದ 6600ಕ್ಕೂ ಅದರ ನಂತರದ ಸೈಬರ್ ಯಂತ್ರಗಳಿಗೂ ಏನನ್ನು ಬೇಕಾದರೂ ತಗುಲಿಸಬಹುದಿತ್ತು, ಕಂಪನಿಯೂ ಅದಕ್ಕೆ ತಕ್ಕಂತೆ ನಾನಾ ಕಡೆ ಕೈಚಾಚಿತು. ಕಾರ್ಡ್ ರೀಡರ್, ಪ್ರಿಂಟರ್, ಟೇಪ್ ಡ್ರೈವ್, ಡಿಸ್ಕ್ ಡ್ರೈವ್‌ಗಳನ್ನು ತಾನೇ ತಯಾರಿಸಿ ಬೇರೆ ಕಂಪ್ಯೂಟರ್ ಕಂಪನಿಗಳಿಗೂ ಮಾರಿತು. 1970ರ ದಶಕದಲ್ಲಿ ಅದು ರೂಪಿಸಿದ ಎಸ್‌ಎಂಡಿ ಡಿಸ್ಕ್‌ಗಳ ಸಂಪರ್ಕ ಕ್ರಮವನ್ನು ಇತರ ತಯಾರಕರೂ ಒಪ್ಪಿಕೊಂಡರು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಆರಂಭಿಸಿದ್ದ ಪ್ಲೇಟೋ ಬೋಧನಾ ವ್ಯವಸ್ಥೆಯನ್ನು, ಕಿತ್ತಳೆ ಬಣ್ಣದಲ್ಲಿ ಹೊಳೆಯುವ 512ಕ್ಕೆ 512 ಚುಕ್ಕೆಗಳ ಅದರ ಪ್ಲಾಸ್ಮಾ ಪರದೆಯ ಸಮೇತ, ಮಾರುಕಟ್ಟೆಗೆ ತಂದಿತು. ಆಟ, ನಾಟಕಗಳ ಟಿಕೆಟ್ ಮಾರುವ ಟಿಕೆಟ್ರಾನ್ ಅದರದ್ದಾಗಿತ್ತು. ಸಾಲ ಕೊಡುವ ಕಮರ್ಷಿಯಲ್ ಕ್ರೆಡಿಟ್ ಕೂಡ 1968ರಲ್ಲಿ ಅದರ ಕೈಸೇರಿತು. ಅದೇ ವರ್ಷ ಐಬಿಎಂ ಮೇಲೆ ಹೂಡಿದ ದಾವೆ 1973ರಲ್ಲಿ ರಾಜಿಯಾದಾಗ ಐಬಿಎಂನ ಸರ್ವಿಸ್ ಬ್ಯೂರೋ ಅದಕ್ಕೆ ದಕ್ಕಿತು. ಆದರೆ ಅಷ್ಟು ಹೊತ್ತಿಗೆ, 1972ರಲ್ಲಿ, ಕ್ರೇ ಹೊರನಡೆದು ತಮ್ಮದೇ ಕಂಪನಿ ಕಟ್ಟಿದ್ದರು. ಡಿಸ್ಕ್ ವಿಭಾಗ 1989ರಲ್ಲಿ ಸೀಗೇಟ್ ಪಾಲಾಯಿತು. ಇಷ್ಟೆಲ್ಲ ಕೊಂಬೆಗಳಲ್ಲಿ ಮನೆಯ ಮೇಜಿನ ಮೇಲೆ ಕಟ್ಟಿ ನೋಡಬಹುದಾದದ್ದು ಹಲಗೆ ಮತ್ತು ಪೀಪಾಯಿ ಮಾತ್ರ ಎಂದು ನನಗೆ ತೋಚಿತು. ಇಡೀ ಯಂತ್ರವನ್ನು ಅನುಕರಿಸುವ ಡೆಸ್ಕ್‌ಟಾಪ್ ಸೈಬರ್ ಎಂಬ ಒಳ್ಳೆಯ ಎಮ್ಯುಲೇಟರ್ ಇದೆ, ಅದರ ಮೇಲೆ ಸಿಡಿಸಿಯ ಹಳೆಯ ಆಪರೇಟಿಂಗ್ ಸಿಸ್ಟಮ್ ಓಡುತ್ತದೆ. ಆದರೆ ಅದರಲ್ಲಿ ಡೆಡ್‌ಸ್ಟಾರ್ಟ್ ಹಲಗೆ ಎಂದರೆ ಸಂರಚನಾ ಕಡತದ ಕೆಲವು ಸಾಲುಗಳಷ್ಟೆ. ನನಗೆ ಬೇಕಿದ್ದದ್ದು ಬೆರಳಿಗೆ ಸಿಗುವ ಸ್ವಿಚ್ಚು, ಕಣ್ಣಿಗೆ ಕಾಣುವ ಪೀಪಾಯಿ.

ಮೊದಲು ಲೋಹದ ಕೆಲಸ. 2 ಮಿ.ಮೀ. ದಪ್ಪದ, 300 ಮಿ.ಮೀ. ಚೌಕದ ಅಲ್ಯೂಮಿನಿಯಂ ತಗಡಿನ ಮೇಲೆ ಕಾಗದದ ನಕ್ಷೆ ಅಂಟಿಸಿ, ಮೊದಲು 3 ಮಿ.ಮೀ., ಅನಂತರ 6 ಮಿ.ಮೀ. ಬಿಟ್ ಹಾಕಿ ನಾನೇ ಕೊರೆಯಲು ಹೊರಟೆ. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಕಾಗದ ಬೆವರಿಗೆ ಹಿಗ್ಗಿ ಎರಡು ಮಿ.ಮೀ. ಸರಿದಿತ್ತು. ಸ್ವಿಚ್‌ಗಳ ಸಾಲು ಡೊಂಕಾದರೆ ಇಂಥ ಹಲಗೆಗೆ ಬೆಲೆಯೇ ಇಲ್ಲ. ಸೋಲೊಪ್ಪಿಕೊಂಡು ನಕ್ಷೆಯನ್ನು ಕಂಪ್ಯೂಟರ್‌ನಲ್ಲಿ ಬರೆದು ಪೀಣ್ಯದ ಒಂದು ಲೇಸರ್ ಕಟಿಂಗ್ ಅಂಗಡಿಗೆ ಒಯ್ದೆ. ತೆರೆಯ ಮೇಲೆ 144 ತೂತುಗಳನ್ನು ಕಂಡ ಅಲ್ಲಿನ ಹುಡುಗ, "ಜರಡಿ ಮಾಡ್ಸೋಕಾ ಸಾರ್?" ಎಂದು ಕೇಳಿದ. ನಾನು ವಿವರಿಸಲು ಹೋಗಲಿಲ್ಲ. ಸ್ವಿಚ್ಚಿನ ಕುತ್ತಿಗೆ 6 ಮಿ.ಮೀ. ಇರುವುದರಿಂದ ತೂತಿಗೆ 6.2 ಕೊಟ್ಟೆ, ಸ್ವಿಚ್ಚಿನಿಂದ ಸ್ವಿಚ್ಚಿಗೆ 20 ಮಿ.ಮೀ., ಪ್ರತಿ ಮೂರು ಸ್ವಿಚ್‌ಗಳ ನಂತರ ಇನ್ನೊಂದು 5 ಮಿ.ಮೀ. ಹೆಚ್ಚು ಅಂತರ. ಈ ಹೆಚ್ಚುವರಿ ಅಂತರ ಅಲಂಕಾರಕ್ಕಲ್ಲ. ಸಿಡಿಸಿಯಲ್ಲಿ ಎಲ್ಲವೂ ಆಕ್ಟಲ್ ಸಂಖ್ಯೆ, ಅಂದರೆ 0ಯಿಂದ 7ರವರೆಗಿನ ಎಂಟೇ ಅಂಕಿಗಳಲ್ಲಿ ಬರೆಯುವ ಸಂಖ್ಯೆ; ಅದರಲ್ಲಿ 7ರ ಮುಂದಿನದು 10. ಮೂರು ಬಿಟ್‌ಗೆ ಒಂದು ಅಂಕಿ, ಹನ್ನೆರಡು ಬಿಟ್‌ನ ಸಾಲಿಗೆ ನಾಲ್ಕು ಅಂಕಿ. ಗುಂಪು ಎದ್ದು ಕಾಣದಿದ್ದರೆ ಹತ್ತು ನಿಮಿಷಕ್ಕೇ ಕಣ್ಣು ಸೋಲುತ್ತದೆ.

ಎಂಟಿಎಸ್-102 ಎಂಬ ಮಿನಿ ಟಾಗಲ್ ಸ್ವಿಚ್‌ಗಳನ್ನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 160 ಕೊಂಡೆ. ಮನೆಗೆ ತಂದು ಮಲ್ಟಿಮೀಟರ್ ಹಿಡಿದು ಒಂದೊಂದನ್ನೇ ಪರೀಕ್ಷಿಸಿದಾಗ ಆರು ಕೆಟ್ಟವು ಸಿಕ್ಕವು. ಹೆಚ್ಚಿಗೆ ತಂದಿದ್ದಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡೆ. ಆ ಮೆಚ್ಚುಗೆ ಬಹಳ ಹೊತ್ತು ಉಳಿಯಲಿಲ್ಲ. ಸ್ವಿಚ್ ಮೇಲೆತ್ತಿದರೆ 1 ಎಂದಾಗಬೇಕು. ಹಾಗಾಗಿ ನಡುವಿನ ಕಾಲಿಗೂ ಮೇಲಿನ ಕಾಲಿಗೂ ತಂತಿ ಬೆಸೆಯುತ್ತ ಎರಡು ಸಾಲು ಮುಗಿಸಿ ನೋಡಿದರೆ ಎಲ್ಲವೂ ತಲೆಕೆಳಗು. ಟಾಗಲ್ ಸ್ವಿಚ್ಚಿನ ಒಳಗೆ ಕಡ್ಡಿ ಏತದಂತೆ ಕೆಲಸ ಮಾಡುತ್ತದೆ, ಹಿಡಿ ಮೇಲೆ ಹೋದರೆ ಒಳತುದಿ ಕೆಳಗಿನ ಕಾಲನ್ನು ಮುಟ್ಟುತ್ತದೆ ಎಂಬ ಶಾಲಾ ಪಾಠವನ್ನು 24 ಬೆಸುಗೆ ಕಿತ್ತ ಮೇಲೆ ಮತ್ತೆ ಕಲಿತೆ.

ತಲೆ ಓಡಿಸಬೇಕಾದದ್ದು ವೈರಿಂಗ್‌ನಲ್ಲಿ. ಮಿದುಳಾಗಿ ಆರಿಸಿಕೊಂಡದ್ದು ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು. ಅದರಲ್ಲಿ ನಮ್ಮ ಬಳಕೆಗೆ ಸಿಗುವ ಪಿನ್‌ಗಳು 26. ಹನ್ನೆರಡು ಸಾಲು, ಹನ್ನೆರಡು ಕಂಬಗಳನ್ನು ನೇರ ಜೋಡಿಸಿದರೆ 24 ಅಲ್ಲೇ ಮುಗಿದು ದೀಪಗಳಿಗೆ ಎರಡೇ ಉಳಿಯುತ್ತವೆ. ಆದ್ದರಿಂದ ಸಾಲುಗಳನ್ನು ಎರಡು 74ಎಚ್‌ಸಿ595 ಶಿಫ್ಟ್ ರಿಜಿಸ್ಟರ್‌ಗಳ ಮೂಲಕ ನಡೆಸಿದೆ; ಒಂದೊಂದಾಗಿ ಬಂದ ಬಿಟ್‌ಗಳನ್ನು ಎಂಟು ಹೊರದಾರಿಗಳಿಗೆ ಹಂಚುವ ಚಿಪ್ಪು ಇದು. ಅದಕ್ಕೆ ಮೂರು ಪಿನ್. ದೀಪಗಳಿಗೆ ಇನ್ನು ನಾಲ್ಕು 595, ಅದಕ್ಕೂ ಮೂರು ಪಿನ್. ಕಂಬಗಳಿಗೆ 12. ಯಾವ ಪಿಪಿಯನ್ನು ನೋಡಬೇಕೆಂದು ಆರಿಸಲು, 0ಯಿಂದ 9ರವರೆಗೆ ಬೆರಳಿನಿಂದ ತಿರುಗಿಸುವ ಒಂದು ಅಂಕಿಚಕ್ರಕ್ಕೆ ನಾಲ್ಕು. ಡೆಡ್‌ಸ್ಟಾರ್ಟ್ ಗುಂಡಿಗೆ ಒಂದು, ಓಟ ಅಥವಾ ಹೆಜ್ಜೆ ಆರಿಸಲು ಒಂದು. ಒಟ್ಟು 24. ದೀಪಗಳ ಹಂಚಿಕೆ ಹೀಗಾಯಿತು: ಎ ರಿಜಿಸ್ಟರ್‌ಗೆ 18, ಪೀಪಾಯಿಯ ಹತ್ತು ಸ್ಥಾನಗಳಿಗೆ ವೃತ್ತಾಕಾರದಲ್ಲಿ 10, ಒಂದನೆಯ ಚಾನೆಲ್‌ನ (ಪಿಪಿಗಳು ಹೊರಗಿನ ಸಾಧನಗಳೊಡನೆ ಅಥವಾ ತಮ್ಮತಮ್ಮಲ್ಲೇ ಮಾತಾಡುವ ದಾರಿಯೇ ಚಾನೆಲ್) ಸ್ಥಿತಿ ತೋರಿಸಲು 2. ಪ್ರತಿ ಕೆಂಪು ಎಲ್‌ಇಡಿಗೂ 470 ಓಮ್ ಹಾಕಿದ್ದರಿಂದ ಮೂರು ಮಿಲಿಆಂಪಿಯರ್ ಆಸುಪಾಸಿನಲ್ಲಿ ಉರಿಯುತ್ತವೆ. 595ಕ್ಕೆ ಅದು ಹೊರೆಯಲ್ಲ.

ಪ್ರತಿ ಸ್ವಿಚ್ಚಿಗೂ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4148 ಡಯೋಡ್ ಬೇಕೆಂದು ಗೊತ್ತಿದ್ದರೂ ನಾನು ಸೋಮಾರಿತನ ಮಾಡಿದೆ. ನಾಲ್ಕಕ್ಕೆ ನಾಲ್ಕರ ಒಂದು ಮೂಲೆಯನ್ನು ಡಯೋಡ್ ಇಲ್ಲದೆ ಜೋಡಿಸಿ ನೋಡೋಣವೆಂದು ಹೊರಟಾಗ ಎರಡು ಸಂಗತಿಗಳು ನಡೆದವು. ಚೌಕದ ಮೂರು ಮೂಲೆಯ ಸ್ವಿಚ್‌ಗಳನ್ನು ಎತ್ತಿದರೆ, ಮುಟ್ಟದ ನಾಲ್ಕನೆಯದೂ ಎತ್ತಿದಂತೆ ಕಂಡಿತು. ವಿದ್ಯುತ್ತು ಸುತ್ತುದಾರಿಯಲ್ಲಿ ಹಿಮ್ಮುಖವಾಗಿ ಹರಿದು ಬರುತ್ತದೆ. ಕೀಬೋರ್ಡಿನಲ್ಲಿ ಇದು ಅಪರೂಪಕ್ಕೊಮ್ಮೆ ಕಾಡುವ ತೊಂದರೆ, ಏಕೆಂದರೆ ಬೆರಳೆತ್ತಿದೊಡನೆ ಕೀಲಿ ಬಿಟ್ಟುಕೊಳ್ಳುತ್ತದೆ. ಇಟ್ಟಲ್ಲೇ ನಿಲ್ಲುವ ಟಾಗಲ್ ಸ್ವಿಚ್‌ಗಳಲ್ಲಿ ಇದು ಸದಾ ಇರುವ ರೋಗ. ಎರಡನೆಯದು ಇನ್ನೂ ಕೆಟ್ಟದ್ದು. ಒಂದೇ ಕಂಬದಲ್ಲಿ ಎರಡು ಸ್ವಿಚ್ ಎತ್ತಿದಾಗ, 595ರ ಮೇಲ್ಮಟ್ಟದ ಒಂದು ಹೊರದಾರಿಯೂ ಕೆಳಮಟ್ಟದ ಇನ್ನೊಂದು ಹೊರದಾರಿಯೂ ನೇರ ಮುಖಾಮುಖಿಯಾಗಿ ಚಿಪ್ಪು ಬೆರಳಿಡಲಾಗದಷ್ಟು ಕಾದಿತು. ಅದನ್ನು ಎಸೆದು, ತೆಪ್ಪಗೆ ಕೂತು 144 ಡಯೋಡ್‌ಗಳ ಕಾಲು ಬಗ್ಗಿಸಿದೆ. ಎರಡು ಭಾನುವಾರ ಅದಕ್ಕೇ ಹೋಯಿತು.

ಡಯೋಡ್ ಬಂದ ಮೇಲೂ ಒಂದು ಭೂತ ಉಳಿದಿತ್ತು. ಯಾವ ಸಾಲಿನಲ್ಲಿ ಸ್ವಿಚ್ ಎತ್ತಿದರೂ ಅದರ ಮುಂದಿನ ಸಾಲಿನಲ್ಲೂ ಅದೇ ಬಿಟ್ ಆಗಾಗ ಮಿನುಗುತ್ತಿತ್ತು. ಕಂಬಗಳನ್ನು ಮೇಲೆ ಹಿಡಿದಿಡಲು ಪಿಕೋದ ಒಳಗಿನ ಪುಲ್‌ಅಪ್ ರೆಸಿಸ್ಟರನ್ನೇ ನಂಬಿದ್ದೆ. ಅದು ಸುಮಾರು 50 ಕಿಲೋಓಮ್. ಉದ್ದುದ್ದ ತಂತಿಗಳ ಧಾರಣಶಕ್ತಿಯನ್ನು ತುಂಬಿ ಕಂಬ ಮೇಲೇರಲು ಹಲವು ಮೈಕ್ರೋಸೆಕೆಂಡ್ ಬೇಕು, ನಾನು ಅದಕ್ಕೂ ಮೊದಲೇ ಓದಿಬಿಡುತ್ತಿದ್ದೆ. ಸಾಲು ಬದಲಿಸಿದ ಮೇಲೆ 20 ಮೈಕ್ರೋಸೆಕೆಂಡ್ ಸುಮ್ಮನಿರು ಎಂದು ಒಂದು ಸಾಲು ಕೋಡ್ ಸೇರಿಸಿದ್ದೇ ಭೂತ ಓಡಿತು.

ಇನ್ನು ಪೀಪಾಯಿ. ಪಿಕೋದಲ್ಲಿ ಎರಡು ಕೋರ್‌ಗಳು, ಅಂದರೆ ಒಟ್ಟಿಗೆ ಓಡುವ ಎರಡು ಪ್ರೊಸೆಸರ್‌ಗಳು, ಇವೆ. ಒಂದಕ್ಕೆ ಸ್ವಿಚ್ಚು ಮತ್ತು ದೀಪ, ಇನ್ನೊಂದಕ್ಕೆ ಪಿಪಿಗಳು. ಹತ್ತು ಪಿಪಿಗಳ ಮೆಮೊರಿಯನ್ನು ವರ್ಡ್‌ಗೆ ಎರಡು ಬೈಟ್‌ನಂತೆ ಇಟ್ಟರೂ 81,920 ಬೈಟ್. ಪಿಕೋದಲ್ಲಿ 264 ಕಿಲೋಬೈಟ್ ಇರುವುದರಿಂದ ಜಾಗಕ್ಕೆ ಬರವಿಲ್ಲ. ವೇಗಕ್ಕೆ ಬರವಿದೆ. ಮೂಲ ಯಂತ್ರದಲ್ಲಿ ಒಂದು ಪಿಪಿಯ ಸರದಿ 100 ನ್ಯಾನೋಸೆಕೆಂಡ್. ಅಷ್ಟು ಹೊತ್ತಿನಲ್ಲಿ 125 ಮೆಗಾಹರ್ಟ್ಸ್‌ನ ಪಿಕೋಗೆ ಸಿಗುವುದು ಅದರ ಗಡಿಯಾರದ ಹನ್ನೆರಡೂವರೆ ಬಡಿತ. ಸಿ ಭಾಷೆಯಲ್ಲಿ ಬರೆದ ನನ್ನ ಸರದಿಗೆ ಸುಮಾರು 60 ಬಡಿತ ಬೇಕಾಯಿತು. ಅರವತ್ತು ವರ್ಷಗಳ ನಂತರದ ಚಿಪ್ಪಿನ ಮೇಲೂ ನನ್ನ ಪೀಪಾಯಿ ಕ್ರೇ ಅವರ ಪೀಪಾಯಿಗಿಂತ ಐದು ಪಟ್ಟು ನಿಧಾನ. ಅಸೆಂಬ್ಲಿಯಲ್ಲಿ ಬರೆದಿದ್ದರೆ ಅಂತರ ತಗ್ಗುತ್ತಿತ್ತೇನೋ, ಆದರೆ ನನಗೆ ನಿಧಾನವೇ ಬೇಕಿತ್ತು. ಹೆಜ್ಜೆಯ ಸ್ಥಾನದಲ್ಲಿ ಇಟ್ಟರೆ ಪೀಪಾಯಿ ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ, ಅಂದರೆ ಅಸಲಿಗಿಂತ ಹತ್ತು ಲಕ್ಷ ಪಟ್ಟು ನಿಧಾನ. ವೃತ್ತದ ಹತ್ತು ದೀಪಗಳು ಒಂದಾದ ಮೇಲೊಂದು ಹೊತ್ತಿ ಆರುವುದನ್ನು ಕಾಫಿ ಹೀರುತ್ತ ನೋಡಬಹುದು.

ಡೆಡ್‌ಸ್ಟಾರ್ಟ್ ಗುಂಡಿ ಒತ್ತಿದಾಗ ನಡೆಯುವುದು ಇಷ್ಟು. ಹತ್ತೂ ಪಿಪಿಗಳು 71 ಎಂಬ ಓದುವ ಆಜ್ಞೆಯ ನಡುವೆ ಇರುವಂತೆ ಸಿದ್ಧವಾಗುತ್ತವೆ. ಪ್ರತಿಯೊಂದೂ ತನ್ನ ಸಂಖ್ಯೆಯ ಚಾನೆಲ್‌ಗೆ ಕಿವಿಗೊಟ್ಟು, ಎ ರಿಜಿಸ್ಟರ್‌ನಲ್ಲಿ ಆಕ್ಟಲ್ 10000, ಅಂದರೆ 4096 ವರ್ಡ್‌ಗಳ ಎಣಿಕೆ ಹಿಡಿದು ಕಾಯುತ್ತದೆ. ಸೊನ್ನೆಯ ಚಾನೆಲ್‌ಗೆ ಹಲಗೆ ಜೋಡಣೆಯಾಗಿದೆ. ಅದು ಮೊದಲು ಒಂದು ಸೊನ್ನೆ ಕಳಿಸಿ, ಬೆನ್ನಿಗೇ ಹನ್ನೆರಡು ಸಾಲುಗಳನ್ನು ಕಳಿಸಿ ಸಂಪರ್ಕ ಕಡಿಯುತ್ತದೆ. ಸೊನ್ನೆ ಮೆಮೊರಿಯ 0 ವಿಳಾಸಕ್ಕೂ, ಸಾಲುಗಳು 1ರಿಂದ ಆಕ್ಟಲ್ 14ರವರೆಗಿನ ವಿಳಾಸಗಳಿಗೂ ಹೋಗುತ್ತವೆ. ಓದು ಮುಗಿದ ಪಿಪಿ0, ತನ್ನ 0 ವಿಳಾಸದಲ್ಲಿರುವ ಸಂಖ್ಯೆಗೆ ಒಂದು ಕೂಡಿಸಿ ಅಲ್ಲಿಂದ ಓಟ ಆರಂಭಿಸುತ್ತದೆ. ನಿಜವಾದ ಯಂತ್ರಶಾಲೆಯಲ್ಲಿ ಈ ಹನ್ನೆರಡು ಸಾಲಿನೊಳಗೆ 75, 77, 74, 71 ಎಂಬ ಆಜ್ಞೆಗಳ ಸರಣಿ ಇರುತ್ತಿತ್ತು: ಚಾನೆಲ್ ಬಿಡು, ಟೇಪಿಗೆ ಅಪ್ಪಣೆ ಕೊಡು, ಚಾನೆಲ್ ಎಬ್ಬಿಸು, ಬಂದದ್ದನ್ನೆಲ್ಲ ಓದಿಕೋ. ಆಪರೇಟಿಂಗ್ ಸಿಸ್ಟಮ್‌ನ ಉಳಿದ ಭಾಗವೆಲ್ಲ ಆ ಟೇಪಿನಿಂದ ಬರುತ್ತಿತ್ತು.

ನನ್ನ ಬಳಿ ಟೇಪು ಇಲ್ಲ. ಮೊದಲ ಪ್ರಯೋಗಕ್ಕೆ ಎರಡೇ ಸಾಲು ಸಾಕೆನಿಸಿತು: 3670 ಮತ್ತು 0376. ಪಿಪಿಯ ಆಜ್ಞೆಯಲ್ಲಿ ಮೊದಲ ಎರಡು ಅಂಕಿ ಏನು ಮಾಡಬೇಕೆಂದೂ ಉಳಿದೆರಡು ಅಂಕಿ ಯಾವುದರ ಮೇಲೆ ಎಂದೂ ಹೇಳುತ್ತವೆ. 36 ಎಂದರೆ ಆ ವಿಳಾಸದ ಸಂಖ್ಯೆಗೆ ಒಂದು ಕೂಡಿಸಿ, ಅಲ್ಲೂ ಎ ರಿಜಿಸ್ಟರ್‌ನಲ್ಲೂ ಇಡು, ವಿಳಾಸ 70. 03 ಎಂದರೆ ಇದ್ದಲ್ಲಿಂದ ಹಾರು. 76 ಎಂದರೆ ಒಂದು ಹೆಜ್ಜೆ ಹಿಂದಕ್ಕೆ. 3670 ಎಂದು ಸ್ವಿಚ್‌ಗಳಲ್ಲಿ ಹೇಳಬೇಕಾದರೆ ಮೊದಲ ಗುಂಪಿನಲ್ಲಿ ಕೆಳಗೆ-ಮೇಲೆ-ಮೇಲೆ, ಎರಡನೆಯದರಲ್ಲಿ ಮೇಲೆ-ಮೇಲೆ-ಕೆಳಗೆ, ಮೂರನೆಯದು ಮೂರೂ ಮೇಲೆ, ನಾಲ್ಕನೆಯದು ಮೂರೂ ಕೆಳಗೆ. ಗುಂಡಿ ಒತ್ತಿದೆ. ಎ ದೀಪಗಳು ಬಲದಿಂದ ಎಡಕ್ಕೆ ಎಣಿಸತೊಡಗಿದವು. ಎಣಿಕೆ 7777 ದಾಟುವಾಗ ಹದಿಮೂರನೆಯ ದೀಪ ಒಮ್ಮೆ ಮಿಂಚಿ ಆರುತ್ತದೆ. ಎ ರಿಜಿಸ್ಟರ್ 18 ಬಿಟ್‌ನದು, ಮೆಮೊರಿ 12 ಬಿಟ್‌ನದು, ಹಾಗಾಗಿ ಉಕ್ಕಿದ ಬಿಟ್ ಎ ರಿಜಿಸ್ಟರ್‌ನಲ್ಲಿ ಕ್ಷಣಕಾಲ ಕಂಡು ಮೆಮೊರಿಯಲ್ಲಿ ಕಳೆದುಹೋಗುತ್ತದೆ. ಯೋಚಿಸಿ ಇಟ್ಟದ್ದಲ್ಲದಿದ್ದರೂ ಇಡೀ ಹಲಗೆಯಲ್ಲಿ ನನಗೆ ಅಚ್ಚುಮೆಚ್ಚಿನದು ಈ ಮಿಂಚೇ.

ಎರಡನೆಯ ಪ್ರಯೋಗ ಇಳಿಎಣಿಕೆ: 1405, 1701, 0576, 0300. ಐದನ್ನು ತೆಗೆದುಕೋ, ಒಂದು ಕಳೆ, ಸೊನ್ನೆ ಆಗಿಲ್ಲದಿದ್ದರೆ ಹಿಂದಕ್ಕೆ ಹಾರು, ಆಗಿದ್ದರೆ ಇಲ್ಲೇ ನಿಲ್ಲು. ಹೆಜ್ಜೆಹೆಜ್ಜೆಯಾಗಿ ನೋಡಿದೆ: ಐದು, ನಾಲ್ಕು, ಮೂರು, ಎರಡು, ಒಂದು, ಮತ್ತೆ ಹದಿನೆಂಟೂ ದೀಪಗಳು ಒಮ್ಮೆಲೇ ಹೊತ್ತಿಕೊಂಡು ಎಣಿಕೆ ಅಲ್ಲಿಂದಲೂ ಕೆಳಗಿಳಿಯುತ್ತಲೇ ಹೋಯಿತು. ಸಿಡಿಸಿ ಯಂತ್ರಗಳು ಋಣಸಂಖ್ಯೆಯನ್ನು ಒನ್ಸ್ ಕಾಂಪ್ಲಿಮೆಂಟ್ ರೀತಿಯಲ್ಲಿ ಇಡುತ್ತವೆ; ಪ್ರತಿ ಬಿಟ್ ಅನ್ನೂ ಮಗುಚಿದರೆ ಋಣ. ಹಾಗಾಗಿ ಸೊನ್ನೆಗೆ ಎರಡು ರೂಪ: ಎಲ್ಲ ಬಿಟ್ 0 ಇರುವ ಧನಸೊನ್ನೆ, ಎಲ್ಲ ಬಿಟ್ 1 ಇರುವ ಋಣಸೊನ್ನೆ. ನಾನು ಕಳೆಯುವುದನ್ನು, ಮಗುಚಿ ಕೂಡು, ಉಕ್ಕಿದ ಬಿಟ್ ಅನ್ನು ಬಾಲಕ್ಕೆ ಸೇರಿಸು ಎಂದು ಬರೆದಿದ್ದೆ. ಒಂದಕ್ಕೆ 777776 ಕೂಡಿದರೆ 777777, ಉಕ್ಕುವುದೇ ಇಲ್ಲ. ಲೆಕ್ಕದ ದೃಷ್ಟಿಯಿಂದ ಅದು ಸೊನ್ನೆಯೇ, ಆದರೆ 05 ಆಜ್ಞೆ ಸೊನ್ನೆಯೆಂದು ಒಪ್ಪುವುದು ಧನಸೊನ್ನೆಯನ್ನು ಮಾತ್ರ. ಸಿಡಿಸಿಯ ವಿನ್ಯಾಸಕಾರರು ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ಅವರು ಕೂಡುವ ಸರ್ಕ್ಯೂಟ್ ಕಟ್ಟದೆ ಕಳೆಯುವ ಸರ್ಕ್ಯೂಟ್ ಕಟ್ಟಿದರು. ಕಳೆಯಬೇಕಾದರೆ ನೇರ ಕಳೆ. ಕೂಡಬೇಕಾದರೆ ಎರಡನೆಯದನ್ನು ಮಗುಚಿ ಕಳೆ. ಹೀಗೆ ಮಾಡಿದರೆ ಒಂದರಿಂದ ಒಂದು ಹೋದಾಗ ಉಳಿಯುವುದು ಧನಸೊನ್ನೆಯೇ. ಎರಡು ಋಣಸೊನ್ನೆಗಳನ್ನು ಕೂಡಿದಾಗ ಮಾತ್ರ ಋಣಸೊನ್ನೆ ಹುಟ್ಟುತ್ತದೆ. ಮೂರು ಸಾಲು ಕೋಡ್ ತಿದ್ದಿದೆ, ಎಣಿಕೆ ಸೊನ್ನೆಗೆ ಬಂದು ನಿಂತಿತು. ಆ ಮೂರು ಸಾಲಿಗೆ ಒಂದು ಇಡೀ ಶನಿವಾರ ಹಿಡಿದಿತ್ತು.

ನಿಜವಾದ ಸವಾಲು ಒಂದು ಪಿಪಿ ಇನ್ನೊಂದಕ್ಕೆ ಪ್ರೋಗ್ರಾಮ್ ದಾಟಿಸುವುದು. ಪಿಪಿ1 ತನ್ನ ಚಾನೆಲ್‌ಗೆ ಕಿವಿಗೊಟ್ಟು ಕಾಯುತ್ತಿದೆಯಷ್ಟೆ. ಪಿಪಿ0 ಅದೇ ಚಾನೆಲ್‌ಗೆ ಎಣಿಕೆಯ ಆ ಎರಡು ಸಾಲುಗಳನ್ನು, ಮುಂದೆ ಒಂದು ಸೊನ್ನೆ ಇಟ್ಟು ಕಳಿಸಿ ಚಾನೆಲ್ ಬಿಟ್ಟರೆ ಪಿಪಿ1 ತಾನಾಗಿ ಏಳಬೇಕು. ಬರೆದದ್ದು ಹತ್ತು ಸಾಲು: 1403, 7301, 0010, 6601, 0004, 7501, 0300, 0000, 3670, 0376. ಮೂರು ವರ್ಡ್, ಒಂದನೆಯ ಚಾನೆಲ್‌ಗೆ, ವಿಳಾಸ 10ರಿಂದ ತೆಗೆದು ಕಳಿಸು, ಚಾನೆಲ್ ತುಂಬಿರುವವರೆಗೆ ಕಾಯಿ, ಬಿಡು, ನಿಲ್ಲು. ಗುಂಡಿ ಒತ್ತಿದೊಡನೆ ಎಲ್ಲವೂ ಸ್ತಬ್ಧವಾಯಿತು. ಪೀಪಾಯಿಯ ವೃತ್ತದಲ್ಲಿ ಸೊನ್ನೆಯ ದೀಪ ಮಾತ್ರ ಹೊತ್ತಿ ನಿಂತಿತ್ತು, ಚಾನೆಲ್ ತುಂಬಿದೆ ಎನ್ನುವ ದೀಪವೂ ಆರಲಿಲ್ಲ.

ಕಾರಣ ತಿಳಿಯಲು ಮರುದಿನ ಸಂಜೆಯಾಯಿತು. ನಾನು ಪ್ರತಿ ಸರದಿಯಲ್ಲಿ ಪಿಪಿಯ ಒಂದು ಪೂರ್ತಿ ಆಜ್ಞೆಯನ್ನು ನಡೆಸುತ್ತಿದ್ದೆ. ಕೂಡು-ಕಳೆಯ ಆಜ್ಞೆಗಳಿಗೆ ಅದು ನಡೆಯಿತು. ಆದರೆ 73 ಎಂಬ ಕಳಿಸುವ ಆಜ್ಞೆ, ಮೊದಲ ವರ್ಡ್ ಚಾನೆಲ್‌ನಲ್ಲಿಟ್ಟು, ಅದನ್ನು ಯಾರಾದರೂ ತೆಗೆದುಕೊಳ್ಳಲಿ ಎಂದು ತನ್ನೊಳಗೇ ಕಾಯುತ್ತ ಕೂತಿತು; ತೆಗೆದುಕೊಳ್ಳಬೇಕಾದ ಪಿಪಿ1ಕ್ಕೆ ಸರದಿಯೇ ಬರಲಿಲ್ಲ. ತಿರುಗುತೊಟ್ಟಿಲಿನ ಆಳು ಒಂದೇ ತೊಟ್ಟಿಲಿನವನೊಡನೆ ಮಾತಿಗೆ ನಿಂತಂತೆ. 9 ಬಿಟ್‌ನ ಕೆ ರಿಜಿಸ್ಟರ್ ಏಕಿದೆ ಎಂಬುದು ನನಗೆ ಹೊಳೆದದ್ದು ಆಗ. ಅದರ ಆರು ಬಿಟ್‌ಗಳಲ್ಲಿ ಯಾವ ಆಜ್ಞೆ ಎಂಬುದೂ ಮೂರು ಬಿಟ್‌ಗಳಲ್ಲಿ ಆ ಆಜ್ಞೆಯ ಎಷ್ಟನೆಯ ಸುತ್ತು ಎಂಬುದೂ ಇರುತ್ತದೆ. ಒಂದು ಸರದಿಯಲ್ಲಿ ಆಗುವುದು ಮೆಮೊರಿಯ ಒಂದು ಭೇಟಿ ಮಾತ್ರ. ಮುಗಿಯದಿದ್ದರೆ ಎಲ್ಲಿಗೆ ಬಂತೆಂದು ಕೆ ರಿಜಿಸ್ಟರ್‌ನಲ್ಲಿ ಗುರುತಿಟ್ಟು ಮುಂದಿನ ಸುತ್ತಿಗೆ ಕಾಯಬೇಕು. ಕೈಪಿಡಿಯಲ್ಲಿ ಇದನ್ನು ಓದಿದ್ದರೂ ಪುಸ್ತಕದ ಬದನೆಕಾಯಿಯಾಗಿಯೇ ಉಳಿದಿತ್ತು. ಆಜ್ಞೆಗಳನ್ನೆಲ್ಲ ಸುತ್ತುಗಳಾಗಿ ಒಡೆದು ಕೋಡ್‌ನ ಅರ್ಧಭಾಗವನ್ನು ಮತ್ತೆ ಬರೆಯಲು ಎರಡು ವಾರಾಂತ್ಯ ಬೇಕಾದವು.

ಅದಾದ ಮೇಲೆ ಪ್ರೋಗ್ರಾಮ್ ಮೊದಲ ಬಾರಿಗೇ ಓಡಿತು. ತಮಾಷೆಯೆಂದರೆ 6601, 0004 ಎಂಬ ಕಾಯುವ ಜೋಡಿಯನ್ನು ತೆಗೆದು, ವಿಳಾಸವನ್ನು 0006ಕ್ಕೆ ತಿದ್ದಿದರೂ ನನ್ನ ಹಲಗೆಯಲ್ಲಿ ಕೆಲಸ ಕೆಡುವುದಿಲ್ಲ, ಏಕೆಂದರೆ ಪಿಪಿ0 ಮುಂದಿನ ಸುತ್ತಿಗೆ ಬರುವಷ್ಟರಲ್ಲಿ ಪಿಪಿ1ರ ಸರದಿ ಬಂದೇ ಇರುತ್ತದೆ. ಆದರೂ ಆ ಜೋಡಿಯನ್ನು ಉಳಿಸಿಕೊಂಡಿದ್ದೇನೆ. ಚಾನೆಲ್‌ನ ಆ ತುದಿಯಲ್ಲಿ ಪಿಪಿಯ ಬದಲು ಪ್ರಿಂಟರ್‌ನಂಥ ನಿಧಾನದ ಸಾಧನವಿದ್ದರೆ ಕೊನೆಯ ವರ್ಡ್ ತಲುಪುವ ಮುನ್ನವೇ ಚಾನೆಲ್ ಬಿಟ್ಟುಹೋಗುತ್ತದೆ. ಪಿಪಿಗೆ ಬರೆಯುವವರು ಇದನ್ನು ಅಭ್ಯಾಸವಾಗಿಯೇ ಹಾಕುತ್ತಿದ್ದರು.

ಮಾವ ನೋಡಲು ಬಂದ ದಿನ ಹಲಗೆ ಓಡುತ್ತಿತ್ತು. ಅಂಕಿಚಕ್ರವನ್ನು ಅವರೇ ತಿರುಗಿಸಿದರು. ಸೊನ್ನೆಯಲ್ಲಿ ಎಲ್ಲ ದೀಪಗಳೂ ಆರಿದ್ದವು. ಪಿಪಿ0 ತನ್ನ ಕೆಲಸ ಮುಗಿಸಿ 0300ರ ಮೇಲೆ ನಿಂತಿತ್ತು. ಒಂದರಲ್ಲಿ ಎಣಿಕೆ. ಎರಡರಿಂದ ಒಂಬತ್ತರವರೆಗೆ ಎಲ್ಲದರಲ್ಲೂ ಹದಿಮೂರನೆಯ ದೀಪ ಒಂದೇ ಉರಿಯುತ್ತಿತ್ತು. "ಇವೇನೋ, ಎಂಟೂ ಕೆಟ್ಟುಹೋಗಿವೆಯಾ?" ಎಂದರು. ಅದು ಆಕ್ಟಲ್ 10000, 4096 ವರ್ಡ್‌ಗಳಿಗಾಗಿ ಕಾಯುತ್ತಿವೆ ಮಾವ, ಯಾರೂ ಇನ್ನೂ ಕಳಿಸಿಲ್ಲ ಎಂದೆ. ಅವರು ಚಕ್ರವನ್ನು ಮತ್ತೆ ಒಂದಕ್ಕೆ ತಂದು, ಎಣಿಕೆಯ ನಡುವೆ ಅದೇ ದೀಪ ಒಮ್ಮೆ ಮಿಂಚುವವರೆಗೂ ನೋಡುತ್ತ ನಿಂತರು.

ಹಲಗೆಯ ಕೊನೆಯ ಎರಡು ಸಾಲು ಖಾಲಿ ಇವೆ. ಮುಂದಿನ ಕೆಲಸ ಆಕ್ಟಲ್ 10ನೆಯ ಚಾನೆಲ್‌ಗೆ ಪರದೆ ಜೋಡಿಸುವುದು. 6600ರ ಆಪರೇಟರ್ ಮುಂದೆ ಎರಡು ದುಂಡನೆಯ ಪರದೆಗಳಿದ್ದು, ಅದರ ಮೇಲಿನ ಅಕ್ಷರಗಳನ್ನು ಒಂದು ಪಿಪಿ ಬಿಡುವಿಲ್ಲದೆ ಗೀಚುತ್ತಿತ್ತು. 512ಕ್ಕೆ 512 ಸ್ಥಾನಗಳು, ಚಿಕ್ಕ ಅಕ್ಷರವಾದರೆ ಸಾಲಿಗೆ 64. ನನ್ನಲ್ಲಿರುವುದು ಗುಜರಿಯಿಂದ ತಂದ ಐದಿಂಚಿನ ಒಂದು ಆಸಿಲೋಸ್ಕೋಪ್. ಅದಕ್ಕೆ ಒಂಬತ್ತು ಬಿಟ್‌ನ ಎರಡು ರೆಸಿಸ್ಟರ್ ಏಣಿಗಳನ್ನು ಕಟ್ಟಿ, ಇನ್ನೊಂದು ಪಿಕೋ ಹಚ್ಚಿದ್ದೇನೆ. ಈ ವಾರ ಪರದೆಯ ಮೇಲೆ ಹಸಿರು ಚುಕ್ಕೆ ಮೂಡಿದೆ. ಅಡ್ಡಕ್ಕೆ ಸರಿಯಾಗಿ ಚಲಿಸುತ್ತದೆ; ಉದ್ದಕ್ಕೆ ನಡುವಿನಲ್ಲಿ ಒಂದು ಕಡೆ ಹಾರಿಬಿಡುತ್ತದೆ, ಏಣಿಯ ಮೇಲಿನ ಮೆಟ್ಟಿಲಿನ ರೆಸಿಸ್ಟರ್ ಬದಲಿಸಬೇಕು.